ಬಿಟ್ಟು ಓದಿದ ಸಾಲು

ಕಳೆದ ಸೋಮವಾರ ಬೆಳಿಗ್ಗೆ ಶೇಷಾದ್ರಿಪುರದ ಒಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಬ್ಬರು ನನಗೆ ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿಕೊಳ್ಳಲು ಹೇಳಿದರು. ಅರವತ್ತಾರು ತುಂಬಿದ ಗಂಡಸಿಗೆ, ಅದೂ ಅವನ ಮಗಳಿಗಿಂತ ಚಿಕ್ಕವರಾಗಿ ಕಾಣುವವರೊಬ್ಬರು ಇಂಥ ಪರೀಕ್ಷೆ ಒಡ್ಡಿದರೆ ಏನನ್ನಿಸಬಹುದು ಹೇಳಿ. ಶಿಶುವಿಹಾರಕ್ಕೆ ಸೇರಿಸಿಕೊಳ್ಳುವ ಮೊದಲು ಮಗುವನ್ನು ವಿಚಾರಿಸಿದ ಹಾಗಿತ್ತು. ನಾನು ಹೋಗಿದ್ದು ಸೊಂಟದ ತೊಂದರೆಗೆ. ನೂರು ಹೆಜ್ಜೆ ನಡೆದರೆ ಕಾಲು ಜೋಮು ಹಿಡಿದು ಭಾರವಾಗುತ್ತದೆ. ಎಲ್ಲಾದರೂ ಎರಡು ನಿಮಿಷ ಕೂತರೆ ಏನೂ ಆಗಿಲ್ಲವೆಂಬಂತೆ ಎದ್ದು ಮತ್ತೆ ನೂರು ಹೆಜ್ಜೆ ಹೋಗಬಹುದು. ಹೀಗಾಗಿ ಮಲ್ಲೇಶ್ವರಂನ ಯಾವ ಕ್ರಾಸಿನಲ್ಲಿ ಕೂರಲು ಯೋಗ್ಯವಾದ ಕಟ್ಟೆಯಿದೆ, ಯಾವ ಮನೆಯವರು ಕೂತರೆ ಬೈಯುವುದಿಲ್ಲ ಎಂಬುದನ್ನು ನನ್ನಷ್ಟು ಖಚಿತವಾಗಿ ಹೇಳಬಲ್ಲವರು ಇನ್ನೊಬ್ಬರಿಲ್ಲ. ಇದರ ಜೊತೆಗೆ ಕತ್ತೂ ಸ್ವಲ್ಪ ಹಿಡಿದುಕೊಳ್ಳುತ್ತದೆ ಎಂದು ಬಾಯಿ ತಪ್ಪಿ ಹೇಳಿದ್ದೆ. ಅದಕ್ಕೇ ಈ ಗುಂಡಿಯ ಪರೀಕ್ಷೆ.

ಬಿಚ್ಚಿದೆ. ಹಾಕಿಕೊಳ್ಳುತ್ತಾ ಬಂದೆ. ಮೇಲಿನಿಂದ ಮೂರನೆಯದಕ್ಕೆ ಬಂದಾಗ ಬೆರಳು ನಿಂತಿತು. ಆ ಗುಂಡಿಯ ಬುಡಕ್ಕೆ ದಾರವನ್ನು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿರುವುದು ಕಂಡಿತು. ಹತ್ತು ವರ್ಷದ ಹಳೆಯ ಅಂಗಿ, ಕಾಲರು ಸವೆದಿದೆ, ಗುಂಡಿ ಮಾತ್ರ ಒಂದೂ ಬಿದ್ದಿಲ್ಲ. "ಗುಂಡಿಗೂ ಕತ್ತು ಬೇಕು ಸಾರ್, ಇಲ್ದಿದ್ರೆ ಬಟ್ಟೆ ಎಳೆಯತ್ತೆ" ಎಂದು ಆ ನಾಲ್ಕು ಸುತ್ತು ಸುತ್ತುತ್ತಿದ್ದ ಮನುಷ್ಯ ನನ್ನ ಕಣ್ಣ ಮುಂದೆ ಬಂದು ಕೂತರು.

"ಯಾಕೆ ಸಾರ್, ಬೆರಳು ಮರಗಟ್ಟತ್ತಾ?" ಎಂದು ಡಾಕ್ಟರಮ್ಮ ಕೇಳಿದರು. ಇಲ್ಲ ಎಂದು ಉಳಿದ ಗುಂಡಿಗಳನ್ನು ಗಡಿಬಿಡಿಯಲ್ಲಿ ಹಾಕಿಕೊಂಡೆ. ಕೈ ಚೆನ್ನಾಗಿದೆ ಎಂದು ಅವರು ಬರೆದುಕೊಂಡರು. ಆಮೇಲೆ ನನ್ನ ಸ್ಕ್ಯಾನು ತೋರಿಸಿ ಒಂದೊಂದಾಗಿ ವಿವರಿಸಿದರು. ಸೊಂಟದಲ್ಲಿ ನರ ಹಾದುಹೋಗುವ ದಾರಿ ಕಿರಿದಾಗಿದೆ. ಮೊದಲು ವ್ಯಾಯಾಮ, ಫಿಸಿಯೋಥೆರಪಿ. ಬಹಳ ಜನಕ್ಕೆ ಅಷ್ಟೇ ಸಾಕಾಗುತ್ತದೆ. ಆಗದಿದ್ದರೆ ನರದ ಹತ್ತಿರ ಒಂದು ಇಂಜೆಕ್ಷನ್. ಅದಕ್ಕೂ ಬಗ್ಗದಿದ್ದರೆ ಒತ್ತುತ್ತಿರುವ ಮೂಳೆಯನ್ನು ಸ್ವಲ್ಪ ಕೆತ್ತಿ ನರವನ್ನು ಬಿಡಿಸುವ ಆಪರೇಷನ್. ಮೂಳೆ ಜಾರಿದ್ದರೆ ಮಾತ್ರ ಸ್ಕ್ರೂ, ಸರಳು ಹಾಕಿ ಜೋಡಿಸುವುದು. ನನಗೆ ಅದು ಬೇಕಾಗಲಾರದು. "ನಿಮ್ಮದು ಅರ್ಜೆಂಟಿಲ್ಲ, ಯೋಚನೆ ಮಾಡಿ. ಸೊಂಟದ್ದು ನೋವು ಕಡಿಮೆ ಮಾಡೋಕೆ ಮಾಡೋ ಆಪರೇಷನ್ನು. ಕತ್ತಲ್ಲಿ ಮೇನ್ ನರ ಒತ್ತಿದ್ರೆ ಮಾತ್ರ ಕಾಯಬಾರದು. ಅಲ್ಲಿ ಮಾಡೋದು ನೋವಿಗಲ್ಲ ಸಾರ್. ಇರೋ ಕೈಕಾಲು ಉಳಿಸ್ಕೊಳ್ಳೋಕೆ. ಹೋಗಿದ್ದು ವಾಪಸ್ ಬರೋದು ಕಷ್ಟ."

ಇಷ್ಟು ಸರಳವಾದ ಮಾತು. ಹತ್ತು ವರ್ಷದ ಹಿಂದೆ ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ನಾಚಿಕೆಯ ವಿಷಯವೇನಲ್ಲ. ಲೋಕದಲ್ಲಿ ಎಷ್ಟೋ ವಿಷಯ ನನಗೆ ಗೊತ್ತಿಲ್ಲ. ಗೊತ್ತಿದೆಯೆಂಬ ಹಾಗೆ ಕುರ್ಚಿಯಲ್ಲಿ ಕೂತಿದ್ದೆನಲ್ಲ, ನಾಚಿಕೆ ಅದಕ್ಕೆ. ಆ ಕತೆಯನ್ನು ನಿಮಗೆ ಹೇಳಿಬಿಡುತ್ತೇನೆ. ಮನೆಯಲ್ಲಿ ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ.

ನಾನು ಒಂದು ದೊಡ್ಡ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಟೈಪಿಸ್ಟಾಗಿದ್ದೆ. ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರು, ಕೆಲಸ ಮಾತ್ರ ಒಂದೇ. ರೋಗಿ ಮನೆಗೆ ಹೋಗುವಾಗ ಅವನಿಗೆ ಏನಾಗಿತ್ತು, ಏನು ಮಾಡಿದೆವು, ಮುಂದೇನು ಮಾಡಬೇಕು ಎಂದು ಡಾಕ್ಟರು ಗೀಚಿಕೊಟ್ಟದ್ದನ್ನು ನೀಟಾಗಿ ಡಿಸ್ಚಾರ್ಜ್ ಕಾಗದದಲ್ಲಿ ಹೊಡೆದುಕೊಡುವುದು. ಮೂವತ್ತು ವರ್ಷ ಮೂಳೆ ಮತ್ತು ನರದ ವಾರ್ಡುಗಳ ಕಾಗದ ಹೊಡೆದಿದ್ದೇನೆ. ಎಂಥ ಉದ್ದುದ್ದದ ಪದವನ್ನೂ ಒಂದಕ್ಷರ ತಪ್ಪಿಲ್ಲದೆ ಹೊಡೆಯುತ್ತಿದ್ದೆ. ಡಾಕ್ಟರುಗಳೇ ಕೆಲವು ಸಲ ಸ್ಪೆಲಿಂಗು ಕೇಳಲು ನನ್ನ ಬಳಿ ಬರುತ್ತಿದ್ದರು. ನೋಡಿ, ಈಗಲೂ ಅದನ್ನು ಹೇಳುವಾಗ ಬೆನ್ನು ಸ್ವಲ್ಪ ನೆಟ್ಟಗಾಯಿತು.

ನಮ್ಮ ಬೀದಿಯಲ್ಲಿ ನನ್ನನ್ನು 'ಡಾಕ್ಟ್ರು' ಎನ್ನುತ್ತಿದ್ದರು. ಮೊದಮೊದಲು ತಮಾಷೆಗೆ. ಕ್ರಮೇಣ ತಮಾಷೆ ಎಲ್ಲಿ ಮುಗಿಯಿತು, ನಿಜವಾಗಿ ಕೇಳುವುದು ಎಲ್ಲಿ ಶುರುವಾಯಿತು ಎಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಸಂಜೆ ಆರೂವರೆಗೆ ನಾನು ಮನೆಗೆ ಬಂದು ಕಾಫಿ ಕುಡಿಯುವ ಹೊತ್ತಿಗೆ ಯಾರಾದರೊಬ್ಬರು ರಿಪೋರ್ಟು ಹಿಡಿದು ವರಾಂಡದಲ್ಲಿ ಕೂತಿರುತ್ತಿದ್ದರು. ನಾನು ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಒಂದು ಸಾಲು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಎರಡು ಸಾಲು ಸೇರಿಸಿ ಹೇಳುತ್ತಿದ್ದೆ. ನನ್ನ ಹೆಂಡತಿ ಸರಸ ಒಳಗಿನಿಂದಲೇ ಗೊಣಗುತ್ತಿದ್ದಳು: "ಟೈಪ್ ಮಾಡಿ ಡಾಕ್ಟ್ರಾಗೋದಾದ್ರೆ, ಮದುವೆ ಕಾರ್ಡ್ ಅಚ್ಚು ಹಾಕೋರೆಲ್ಲ ಪುರೋಹಿತ್ರಾಗ್ಬೇಕಿತ್ತು." ಅವಳಿಗೆ ನನ್ನ ಗೌರವ ಕಂಡರೆ ಆಗುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಗುಂಡಿಗೆ ಕತ್ತು ಕಟ್ಟುತ್ತಿದ್ದವರು ಗಂಗಾಧರಪ್ಪ, ನಮ್ಮ ಕ್ರಾಸಿನ ಟೈಲರು. ಎರಡು ಮನೆಗಳ ನಡುವಿನ ಸಂದಿಗೆ ಶೀಟು ಹೊದಿಸಿದ ಅಂಗಡಿ. ಒಂದು ಮಿಷನ್ನು, ಕತ್ತರಿಸುವ ಮೇಜು, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು. ಬಾಗಿಲಲ್ಲಿ ಸಣ್ಣ ಸ್ಟೂಲಿನ ಮೇಲೆ ಕೂತು ಅವರ ಹೆಂಡತಿ ಜಯಮ್ಮ ಕಾಜಾ ಹಾಕುವುದು, ಅಂಚು ಮಡಿಚಿ ಹೊಲಿಯುವುದು ಮಾಡುತ್ತಿದ್ದರು. ಗುಂಡಿ ಮಾತ್ರ ಗಂಗಾಧರಪ್ಪನವರೇ ಹಾಕಬೇಕು. ಗುಂಡಿಯನ್ನೂ ದಾರವನ್ನೂ ಮಾಮೂಲ್‌ಪೇಟೆಗೆ ತಾವೇ ಹೋಗಿ, ಬೆಳಕಿಗೆ ಹಿಡಿದು ಒಂದೊಂದನ್ನೂ ನೋಡಿ ತರುತ್ತಿದ್ದರು. ಅಳತೆ ತೆಗೆದುಕೊಳ್ಳುವಾಗ ಟೇಪು ಕತ್ತಿನ ಸುತ್ತ ಹಾಕಿ ಒಂದು ಬೆರಳು ಒಳಗೆ ತೂರಿಸಿ, ಉಗುಳು ನುಂಗಿ ಸಾರ್ ಎನ್ನುತ್ತಿದ್ದರು. ನುಂಗಿದರೆ, ಹಾಂ, ಇಷ್ಟು ಸಡಿಲ ಇರಬೇಕು ಎಂದು ಬರೆದುಕೊಳ್ಳುತ್ತಿದ್ದರು. ಹೊಟ್ಟೆಯ ಅಳತೆ ತೆಗೆದಾಗ ಮಾತ್ರ ಅಂಕಿಯನ್ನು ಜೋರಾಗಿ ಹೇಳುತ್ತಿರಲಿಲ್ಲ. ಅಂಥ ಸೂಕ್ಷ್ಮ ಅವರಿಗಿತ್ತು.

ಅಂಗಡಿಯ ಮುಂದೆ ಒಂದು ಕಲ್ಲುಬೆಂಚು. ಬೆಳಗಿನ ವಾಕಿಂಗ್ ಮುಗಿಸಿದವರು ಅಲ್ಲಿ ಕೂತು ಪೇಪರು ಹಂಚಿಕೊಂಡು ಓದುವುದು ವಾಡಿಕೆ. ರಾಜಕೀಯ ಹತ್ತು ನಿಮಿಷದಲ್ಲಿ ಮುಗಿದು ಮಾತು ಬೆನ್ನಿಗೆ ಬರುತ್ತಿತ್ತು. ಐವತ್ತು ದಾಟಿದ ನಾಲ್ಕು ಜನ ಸೇರಿದ ಕಡೆ ಐದು ಬೆನ್ನುನೋವಿರುತ್ತದೆ. ಒಬ್ಬರು ಹಲಗೆಯ ಮೇಲೆ ಮಲಗಿ ಗುಣವಾದವರು, ಒಬ್ಬರು ಹಲಗೆಯ ಮೇಲೆ ಮಲಗಿಯೇ ಕೆಟ್ಟವರು. ಒಬ್ಬರಿಗೆ ಎಣ್ಣೆ, ಒಬ್ಬರಿಗೆ ಬೆಲ್ಟು. ಯಾರಾದರೂ ಆಪರೇಷನ್ ಎಂದರೋ, ಉಳಿದವರಿಗೆಲ್ಲ ಒಬ್ಬ ಷಡ್ಡಕ ನೆನಪಾಗುತ್ತಾನೆ. ಬೆನ್ನಿನ ಆಪರೇಷನ್ ಆದ ಮೇಲೆ ಹಾಸಿಗೆ ಹಿಡಿದವನು, ಮತ್ತೆ ಏಳಲೇ ಇಲ್ಲ. ಅವನು ಯಾವಾಗಲೂ ಷಡ್ಡಕನೇ ಆಗಿರುತ್ತಾನೆ, ಊರು ಯಾವುದೆಂದು ಗೊತ್ತಿರುವುದಿಲ್ಲ, ಕಣ್ಣಾರೆ ನೋಡಿದವರೂ ಯಾರೂ ಇರುವುದಿಲ್ಲ. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು, ನೀವೇನಂತೀರಿ ಡಾಕ್ಟ್ರೇ ಎಂದು. ನಾನು ಪೇಪರು ಮಡಿಚಿ ನಿಧಾನಕ್ಕೆ ತೀರ್ಪು ಕೊಡುತ್ತಿದ್ದೆ. ಆ ನಿಧಾನ ಬೇಕೆಂದೇ ಮಾಡಿಕೊಂಡದ್ದು.

ಗಂಗಾಧರಪ್ಪ ಮಿಷನ್ನಿನ ಮೇಲೆ ಬಗ್ಗಿಕೊಂಡೇ ಇದನ್ನೆಲ್ಲ ಕೇಳುತ್ತಿದ್ದರು. ಅವರು ಮಾತಾಡಿದ್ದು ಕಡಿಮೆ. ಕೇಳಿಸಿಕೊಂಡದ್ದು ಎಷ್ಟೆಂದು ಆಮೇಲೆ ತಿಳಿಯಿತು.

ಮೊದಲು ಗಮನಿಸಿದವನು ನಾನೇ, ಆದರೆ ಗಮನಿಸಿದ್ದು ತಪ್ಪಾಗಿ. ಒಂದು ಅಂಗಿಯ ಜೇಬು ಓರೆಯಾಗಿ ಬಂತು. ಇನ್ನೊಂದರ ಗುಂಡಿ ಎರಡೇ ವಾರಕ್ಕೆ ಕಳಚಿ ಬಿತ್ತು. ಗಂಗಾಧರಪ್ಪ ಹಾಕಿದ ಗುಂಡಿ ಬೀಳುವುದೆಂದರೆ ನಮ್ಮ ಬೀದಿಯಲ್ಲಿ ಅದು ಸುದ್ದಿ. ಒಂದು ದಿನ ಅಂಗಡಿಗೆ ಹೋದಾಗ ಅವರು ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದರು. ಗುಂಡಿ ಕೈಯಿಂದ ಜಾರಿ ಮಿಷನ್ನಿನ ಕೆಳಗೆ ಉರುಳಿತು. ಕಣ್ಣು ತೋರಿಸಿಕೊಳ್ಳಿ, ವಯಸ್ಸಾಯಿತು ಎಂದು ನಾನು ತಮಾಷೆ ಮಾಡಿದೆ. "ಕಣ್ಣು ಸರಿಯಾಗೇ ಇದೆ ಸಾರ್. ದಾರ ಕಾಣ್ತದೆ, ಬೆರಳಿಗೇ ಗೊತ್ತಾಗ್ತಿಲ್ಲ" ಎಂದರು ಅವರು. ಇಂಥ ಮಾತನ್ನು ಡಾಕ್ಟರೊಬ್ಬರು ಕೇಳಿದ್ದರೆ ಆ ಕ್ಷಣವೇ ಎದ್ದು ನಿಲ್ಲುತ್ತಿದ್ದರು. ನಾನು ನಗುತ್ತಾ ಅಂಗಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ತಿಂಗಳೆರಡು ಕಳೆದ ಮೇಲೆ ಒಂದು ಸಂಜೆ ಗಂಗಾಧರಪ್ಪ, ಜಯಮ್ಮ ಇಬ್ಬರೂ ನಮ್ಮ ವರಾಂಡಕ್ಕೆ ಬಂದರು. ಕೈಯಲ್ಲಿ ದೊಡ್ಡ ಸ್ಕ್ಯಾನ್ ಕವರು. ಎಲ್ಲೋ ತೋರಿಸಿದ್ದರು, ಅಲ್ಲಿನ ಡಾಕ್ಟರು ಕತ್ತಿನ ಆಪರೇಷನ್ ಆಗಬೇಕು, ತಡ ಮಾಡಬೇಡಿ ಎಂದಿದ್ದರು. ಗಂಗಾಧರಪ್ಪನವರಿಗೆ ಅರ್ಥವಾಗಿರಲಿಲ್ಲವೆಂದು ನೀವು ತಿಳಿಯಬೇಡಿ. ನನಗಿಂತ ಚೆನ್ನಾಗಿ ಅರ್ಥವಾಗಿತ್ತು. ಕತ್ತಿನ ಮುಂದಿನಿಂದ ಹೋಗಿ ಸವೆದ ಭಾಗ ತೆಗೆದು ಮೂಳೆ ಕೂಡಿಸುವುದು ಒಂದು ರೀತಿ, ಹಿಂದಿನಿಂದ ಹೋಗುವುದು ಇನ್ನೊಂದು, ತನಗೆ ಮೂರು ಕಡೆ ಒತ್ತಿರುವುದರಿಂದ ಹಿಂದಿನದೇ ಸರಿ ಎಂದಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿದರು. "ಮೂಳೇನ ಬಾಗಿಲ ತರ ಒಂದು ಕಡೆ ತೆಗೆದು ನರಕ್ಕೆ ಜಾಗ ಮಾಡ್ತಾರಂತೆ ಸಾರ್. ಬಿಗಿಯಾದ ಅಂಗಿನ ನಾವು ಪಕ್ಕದ ಹೊಲಿಗೆ ಬಿಚ್ಚಿ ಲೂಸ್ ಮಾಡಲ್ವಾ, ಹಂಗೇ." ಹೀಗೆ ಹೇಳಿ ಸ್ವಲ್ಪ ನಕ್ಕರು. "ಡಾಕ್ಟ್ರು ಹೇಳಿದ್ದು ಆಯ್ತು. ಆದ್ರೂ ನಮ್ಮೋರು ಒಬ್ರು ಹೂಂ ಅನ್ಬೇಕು ನೋಡಿ. ನೀವು ಹೂಂ ಅಂದ್ರೆ ನಾಳೆನೇ ಹೋಗಿ ಸೇರ್ಕೋತೀನಿ."

ಅವರು ಕೇಳಿದ್ದು ಇಷ್ಟೇ. ಒಂದು ಹೂಂ.

ನಾನು ಫಿಲಮ್ಮನ್ನು ಕವರಿನಿಂದ ತೆಗೆದು ಟ್ಯೂಬ್‌ಲೈಟಿಗೆ ಹಿಡಿದೆ. ತಲೆಕೆಳಗಾಗಿ ಹಿಡಿದಿದ್ದೆ, ಅಂಚಿನಲ್ಲಿದ್ದ ಅಕ್ಷರ ನೋಡಿ ಗೊತ್ತಾಗಿ, ಬೇಕೆಂದೇ ಹಾಗೆ ನೋಡಿದವನಂತೆ ನಿಧಾನಕ್ಕೆ ತಿರುಗಿಸಿದೆ. ರಿಪೋರ್ಟು ಓದಿದೆ. ಅದರಲ್ಲಿ 'ಮೈಲೋಪತಿ' ಎಂಬ ಪದವಿತ್ತು. ನೂರಾರು ಸಲ ಹೊಡೆದಿದ್ದ ಪದ. ಕಣ್ಣು ಮುಚ್ಚಿ ಹೊಡೆಯಬಲ್ಲೆ. ಅದರ ಅರ್ಥ, ಕತ್ತಿನ ಮುಖ್ಯ ನರವೇ ನಲುಗುತ್ತಿದೆ, ಕೈಕಾಲಿನ ಶಕ್ತಿ ಒಂದೊಂದಾಗಿ ಕಳಚಿಕೊಳ್ಳುತ್ತಿದೆ ಎಂದು. ನನಗೆ ಅದು ಗೊತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ಕೂರುವ ಜಾಗದಿಂದ ಒಂದು ಮಹಡಿ ಹತ್ತಿದರೆ ಇದೇ ಆಪರೇಷನ್ ಮಾಡುವ ಸರ್ಜನ್ ಸಿಗುತ್ತಿದ್ದರು. ನಾಳೆ ಕೇಳಿ ಹೇಳುತ್ತೇನೆ ಗಂಗಾಧರಪ್ಪ ಎಂದಿದ್ದರೆ ಮುಗಿದಿತ್ತು. ಆದರೆ ಕೇಳಿ ಹೇಳುತ್ತೇನೆ ಎಂದರೆ ನನಗೆ ಗೊತ್ತಿಲ್ಲ ಎಂದ ಹಾಗಾಗುತ್ತದಲ್ಲ.

"ಕತ್ತಿಗೆ ಕತ್ತರಿ ಹಾಕಿಸ್ಕೋಬೇಡಿ ಗಂಗಾಧರಪ್ಪ," ಎಂದೆ. "ನಾನು ದಿನಾ ನೋಡ್ತೀನಿ. ಮಾಡಿಸ್ಕೊಂಡೋರು ಎರಡನೇ ಸಲ, ಮೂರನೇ ಸಲ ಬಂದು ಮಲಗ್ತಾರೆ. ಕತ್ತಿಗೆ ಪಟ್ಟಿ ಕಟ್ಕೊಳ್ಳಿ, ದಿಂಬಿಲ್ದೆ ಮಲಗಿ. ಸರಿಹೋಗತ್ತೆ."

ನಾನು ಸುಳ್ಳು ಹೇಳಲಿಲ್ಲ, ಗಮನಿಸಿ. ಅದೇ ಇದರಲ್ಲಿ ಅತ್ಯಂತ ಕೆಟ್ಟದ್ದು. ನಾನು ನಿಜವಾಗಿಯೂ ಹಾಗೆಯೇ ನೋಡಿದ್ದೆ. ರೆಕಾರ್ಡ್ ವಿಭಾಗದಲ್ಲಿ ಕೂತವನಿಗೆ ಮಾತ್ರ ಆಗಬಹುದಾದ ತಪ್ಪು ಇದು. ಆಪರೇಷನ್ ಆಗಿ ಗುಣವಾದವನ ಫೈಲು ಒಂದು ಸಲ ಬೀರುವಿಗೆ ಹೋದರೆ ಮತ್ತೆ ಈಚೆಗೆ ಬರುವುದಿಲ್ಲ. ಅವನು ಎಲ್ಲೋ ಆರಾಮಾಗಿ ತರಕಾರಿ ಚೀಲ ಹಿಡಿದು ಓಡಾಡಿಕೊಂಡಿರುತ್ತಾನೆ, ನನಗೆ ಅವನ ಸುದ್ದಿ ಬರುವುದಿಲ್ಲ. ಗುಣವಾಗದವನ ಫೈಲು ಮಾತ್ರ ಮತ್ತೆ ಮತ್ತೆ ನನ್ನ ಮೇಜಿಗೆ ಬರುತ್ತದೆ, ಬಂದಷ್ಟು ಸಲವೂ ದಪ್ಪವಾಗಿ. ಆ ದಪ್ಪ ಫೈಲುಗಳನ್ನೇ ನೋಡಿ ನೋಡಿ ಆಪರೇಷನ್ ಎಂದರೆ ಇಷ್ಟೇ ಎಂದು ನಾನು ನಿರ್ಧಾರ ಮಾಡಿಕೊಂಡಿದ್ದೆ. ಬೆಂಚಿನವರ ಷಡ್ಡಕನನ್ನು ನೋಡಿ ನಗುತ್ತಿದ್ದೆನಲ್ಲ, ನನ್ನ ಬೀರುವಿನಲ್ಲಿ ಅಂಥ ಷಡ್ಡಕರು ಸಾಲಾಗಿ ತುಂಬಿದ್ದರು.

ಗಂಗಾಧರಪ್ಪ ಫಿಲಮ್ಮನ್ನು ಮೆಲ್ಲಗೆ ಮತ್ತೆ ಕವರಿಗೆ ಸೇರಿಸಿದರು. ಆಮೇಲೆ, ನೀವು ಅಷ್ಟು ಹೇಳಿದ ಮೇಲೆ ಮುಗಿಯಿತು ಎಂದು ಎದ್ದರು. ಜಯಮ್ಮನ ಮುಖದಲ್ಲಿ ನೆಮ್ಮದಿ ಕಂಡಿತು. ಗಂಡನ ಕತ್ತಿಗೆ ಚಾಕು ತಾಗುವುದು ತಪ್ಪಿತು ಎಂಬ ನೆಮ್ಮದಿ. ಹೋಗುವಾಗ ನಮಸ್ಕಾರ ಮಾಡಿದರು. ನಾನು ಆ ರಾತ್ರಿ ಚೆನ್ನಾಗಿ ಊಟ ಮಾಡಿದ್ದು ನೆನಪಿದೆ.

ಮುಂದಿನ ಒಂದು ವರ್ಷ ನಡೆದದ್ದನ್ನು ನಾನು ನೋಡಿದೆ, ನೋಡಲಿಲ್ಲ ಎಂದೂ ಹೇಳಬಹುದು. ಮೊದಲು ಗುಂಡಿ ಹಾಕುವ ಕೆಲಸ ಜಯಮ್ಮನ ಕೈಗೆ ಹೋಯಿತು. ಆಮೇಲೆ ಕತ್ತರಿ. ಆಮೇಲೆ ಅವರು ಮಿಷನ್ನು ತುಳಿಯುವಾಗ ಕಾಲು ತಪ್ಪತೊಡಗಿತು. ಒಂದು ದಿನ ಬೆಂಚಿನ ಹತ್ತಿರ ಅವರು ಗೋಡೆ ಹಿಡಿದುಕೊಂಡು, ಕಾಲನ್ನು ಬಿಗಿಯಾಗಿ ಎತ್ತೆತ್ತಿ ಇಡುತ್ತಾ ಬರುವುದನ್ನು ಕಂಡೆ. ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರಾ ಎಂದು ಕೇಳಿದೆ. ಕಟ್ಟಿಕೊಂಡಿದ್ದೇನೆ ಡಾಕ್ಟ್ರೇ ಎಂದು ಅಂಗಿಯ ಕಾಲರು ಸರಿಸಿ ತೋರಿಸಿದರು. ಆ ಬೇಸಗೆಯಲ್ಲಿ ನಾನು ವಾಕಿಂಗಿನ ದಾರಿ ಬದಲಿಸಿದೆ. ಅಂಗಡಿಯ ಮುಂದೆ ಹೋಗದೆ ಹಿಂದಿನ ಕ್ರಾಸಿನಿಂದ ಸುತ್ತಿಕೊಂಡು ಮನೆಗೆ ಬರುತ್ತಿದ್ದೆ. ಸರಸ ಯಾಕೆಂದು ಕೇಳಿದಾಗ ಅಲ್ಲಿ ನೆರಳು ಜಾಸ್ತಿ ಎಂದೆ.

ಕೊನೆಗೆ ಗಂಗಾಧರಪ್ಪ ಬಿದ್ದರು. ಸೇರಿಸಿದ್ದು ನಮ್ಮ ಆಸ್ಪತ್ರೆಗೇ. ಮೇಲಿನ ಮಹಡಿಯ ಸರ್ಜನ್ನೇ ಆಪರೇಷನ್ ಮಾಡಿದರು. ನಾನು ವಾರ್ಡಿಗೆ ಹೋಗಲಿಲ್ಲ. ಕೆಲಸ ಜಾಸ್ತಿಯಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತನೆಯ ದಿನ ಅವರ ಫೈಲು ನನ್ನ ಮೇಜಿಗೆ ಬಂತು. ಹೆಸರು, ವಯಸ್ಸು, ವೃತ್ತಿ ಟೈಲರ್. ಸರ್ಜನ್‌ನ ಕೈಬರಹದಲ್ಲಿ ಎರಡನೆಯ ಪ್ಯಾರಾದ ಕೊನೆಗೆ ಹೀಗಿತ್ತು: ಹದಿಮೂರು ತಿಂಗಳ ಹಿಂದೆಯೇ ಶಸ್ತ್ರಚಿಕಿತ್ಸೆಗೆ ಸಲಹೆ ನೀಡಲಾಗಿತ್ತು, ರೋಗಿ ನಿರಾಕರಿಸಿದ್ದರು.

ರೋಗಿ ನಿರಾಕರಿಸಿದ್ದರು. ನಾನು ಆ ಸಾಲನ್ನು ಹೊಡೆದೆ. ಒಂದಕ್ಷರ ತಪ್ಪಾಗಲಿಲ್ಲ.

ಇಲ್ಲಿಗೆ ಮುಗಿದಿದ್ದರೂ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಮೂರು ದಿನದ ಮೇಲೆ ಜಯಮ್ಮ ಒಬ್ಬರೇ ಆ ಕಾಗದ ಹಿಡಿದುಕೊಂಡು ನಮ್ಮ ವರಾಂಡಕ್ಕೆ ಬಂದರು. ಎಷ್ಟೆಂದರೂ ಬೀದಿಯ ಡಾಕ್ಟ್ರು ನಾನೇ ಅಲ್ಲವೇ. ಏನು ಬರೆದಿದ್ದಾರೆ ಓದಿ ಹೇಳಿ ಎಂದರು. ನಾನೇ ಹೊಡೆದ ಕಾಗದವನ್ನು ನಾನೇ ಕನ್ನಡಕ ಹಾಕಿಕೊಂಡು ಓದಿ ಹೇಳಿದೆ. ಯಾವ ಮಾತ್ರೆ, ಎಷ್ಟು ಹೊತ್ತಿಗೆ. ಯಾವ ವ್ಯಾಯಾಮ, ಎಷ್ಟು ದಿನ. ಎರಡನೆಯ ಪ್ಯಾರಾದ ಕೊನೆ ಬಂದಾಗ ಕಣ್ಣು ಅದನ್ನು ದಾಟಿ ಮುಂದಿನ ಸಾಲಿಗೆ ಹೋಯಿತು. ಬಾಯಿ ತಡವರಿಸಲೂ ಇಲ್ಲ. ಜಯಮ್ಮ ಕೈ ಮುಗಿದು ಕಾಗದ ಮಡಿಚಿಕೊಂಡು ಹೋದರು. ಕಾಲು ಹಾಗೂ ಹೀಗೂ ಉಳಿಯಿತು ಎಂದು ಆಮೇಲೆ ಬೆಂಚಿನವರು ಹೇಳಿದರು. ಕೈ ಬರಲಿಲ್ಲ. ಅಂಗಡಿ ಮುಚ್ಚಿತು, ಅವರು ಶೇಷಾದ್ರಿಪುರದ ಯಾವುದೋ ಓಣಿಗೆ ಮನೆ ಬದಲಿಸಿದರು. ನನಗೆ ಓಣಿ ಗೊತ್ತಿತ್ತು. ಯಾವುದೋ ಎಂದದ್ದು ಹಳೆಯ ಅಭ್ಯಾಸ.

ಸೋಮವಾರ ಆಸ್ಪತ್ರೆಯಿಂದ ಹೊರಗೆ ಬಂದವನು ಮನೆಯ ಕಡೆ ತಿರುಗಲಿಲ್ಲ. ಆ ಓಣಿಗೆ ಅಲ್ಲಿಂದ ಹೆಚ್ಚು ದೂರವಿಲ್ಲ. ನನ್ನ ಲೆಕ್ಕದಲ್ಲಿ ನಾಲ್ಕು ಸಲ ಕೂರುವಷ್ಟು. ಒಂದು ಬೇಕರಿಯ ಮುಂದೆ, ಒಂದು ಕಾಲೇಜಿನ ಕಾಂಪೌಂಡಿನ ಕಲ್ಲಿನ ಮೇಲೆ, ಒಂದು ಬಸ್‌ಸ್ಟಾಪಿನಲ್ಲಿ ಕೂತೆ. ನಾಲ್ಕನೆಯ ಸಲ ಕೂತದ್ದು ಅವರ ಮನೆಯ ಎದುರಿನ ಮೆಟ್ಟಿಲ ಮೇಲೆ. ಕಾಲು ಸರಿಯಾದ ಮೇಲೂ ಅಲ್ಲಿಂದ ಏಳಲಿಲ್ಲ. ನಿಜ ಹೇಳಬೇಕೆಂದರೆ ಎದ್ದು ವಾಪಸು ಹೋಗುವುದರಲ್ಲಿದ್ದೆ. ಅಷ್ಟರಲ್ಲಿ ಜಯಮ್ಮ ಬಾಗಿಲಿಗೆ ಬಂದು, "ಅಯ್ಯೋ, ಸಾರ್ ಅಲ್ವಾ? ಬಿಸಿಲಲ್ಲಿ ಯಾಕೆ ಕೂತಿದೀರಿ, ಬನ್ನಿ ಒಳಗೆ" ಎಂದರು.

ಒಳಗೆ ನಡುಮನೆಯ ತುಂಬ ಸೀರೆಗಳು. ಜಯಮ್ಮ ಈಗ ಸೆರಗಿಗೆ ಕುಚ್ಚು ಕಟ್ಟುತ್ತಾರೆ, ಫಾಲ್ಸ್ ಹೊಲಿಯುತ್ತಾರೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಗಂಗಾಧರಪ್ಪ ಕೂತಿದ್ದರು. ಕತ್ತು ತಿರುಗಿಸಲಾಗದೆ ಮೈಯನ್ನೇ ತಿರುಗಿಸಿ ನನ್ನನ್ನು ನೋಡಿದರು. ಅವರು ತೊಟ್ಟಿದ್ದು ಗುಂಡಿಯಿಲ್ಲದ, ತಲೆಯಿಂದ ಹಾಕಿಕೊಳ್ಳುವ ಟೀ ಶರ್ಟು. ನಲವತ್ತು ವರ್ಷ ಊರಿಗೆಲ್ಲ ಅಂಗಿ ಹೊಲಿದ ಮನುಷ್ಯ. ನಾನು ಯೋಚಿಸಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಅಲ್ಲೇ ಮರೆತುಹೋಯಿತು. ಅವತ್ತಿನ ಡಿಸ್ಚಾರ್ಜ್ ಕಾಗದದಲ್ಲಿ ಒಂದು ಸಾಲು ನಾನು ಓದದೆ ಬಿಟ್ಟಿದ್ದೆ ಎಂದು ಶುರುಮಾಡಿದೆ. ಹದಿಮೂರು ತಿಂಗಳು, ನಿರಾಕರಿಸಿದ್ದರು, ಎಲ್ಲವನ್ನೂ ಹೇಳಿದೆ. ನಿರಾಕರಿಸಿದ್ದು ನೀವಲ್ಲ, ನಾನು ಎಂದೆ.

"ಆ ಸಾಲು ಗೊತ್ತು ಸಾರ್," ಎಂದರು ಗಂಗಾಧರಪ್ಪ. "ನಮ್ಮ ಸುಧಾ ಅವತ್ತು ಸಂಜೆನೇ ಕಾಲೇಜಿಂದ ಬಂದು ಪೂರ್ತಿ ಓದಿದ್ಲು. ಅಪ್ಪಾ, ಇದನ್ನ ಅವರು ಹೇಳ್ಲಿಲ್ವಾ ಅಂತ ಕೇಳಿದ್ಲು."

ಮಗಳು ಓದಬಲ್ಲವಳು ಎಂಬುದು ಈ ಡಾಕ್ಟ್ರಿಗೆ ಆಗ ಹೊಳೆದಿರಲೇ ಇಲ್ಲ. ಮತ್ತೆ ಯಾಕೆ ನನ್ನನ್ನು ಕೇಳಲಿಲ್ಲ ಎಂದೆ.

"ಏನು ಕೇಳೋದು? ಬಿಟ್ಟು ಓದಿದ್ರಿ ಅಂದ್ರೆ ನಿಮಗೇ ಗೊತ್ತಾಗಿದೆ ಅಂತ ತಾನೇ. ಗೊತ್ತಾದೋರು ಒಂದಿನ ಬರ್ತಾರೆ ಬಿಡು ಅಂದೆ. ಅಂಗಡಿ ಖಾಲಿ ಮಾಡೋ ದಿನಾನೂ ನಿಮ್ಮ ದಾರಿ ನೋಡ್ತಿದ್ದೆ." ಆಮೇಲೆ ಹೇಳಿದರು: "ಕೈ ಹೋಗಿದ್ದಕ್ಕೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಇಲ್ಲ ಅನ್ನಲ್ಲ. ಅದು ಯಾವಾಗ್ಲೋ ಹೋಯ್ತು. ನೀವು ಬರ್ಲಿಲ್ವಲ್ಲ, ಅದು ಇನ್ನೂ ಇದೆ."

ಕ್ಷಮಿಸಿ ಎಂದದ್ದು ನನಗೆ ನೆನಪಿದೆ, ಅವರು ಅದಕ್ಕೆ ಏನೂ ಹೇಳಲಿಲ್ಲ ಎಂಬುದೂ ನೆನಪಿದೆ. ಹೇಳಲಿ ಎಂದು ಕಾಯುವ ಹಕ್ಕು ನನಗಿರಲಿಲ್ಲ. ಜಯಮ್ಮ ಕಾಫಿ ತಂದರು. ನನಗೆ ತುಂಬಿದ ಲೋಟ, ಗಂಗಾಧರಪ್ಪನವರಿಗೆ ಅರ್ಧ ಲೋಟ. ಅವರು ಎರಡೂ ಅಂಗೈಗಳ ನಡುವೆ ಲೋಟ ಒತ್ತಿಕೊಂಡು ಕುಡಿದರು. ಬೆರಳಿನಿಂದ ಅಲ್ಲ.

ಕುಡಿದು ಮುಗಿಸಿ, ಈ ಕಡೆ ಬಂದದ್ದು ಯಾಕೆ ಎಂದು ಕೇಳಿದರು. ಸೊಂಟದ ಕತೆ ಹೇಳಿದೆ. ವ್ಯಾಯಾಮ, ಇಂಜೆಕ್ಷನ್, ಆಪರೇಷನ್, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ, ನನ್ನ ಜನ್ಮಕ್ಕೆ ಅಂಟಿಕೊಂಡ ಬುದ್ಧಿ, ಬಾಯಿಂದ ಬಂದೇಬಿಟ್ಟಿತು: "ವ್ಯಾಯಾಮದಲ್ಲಿ ಸರಿಹೋಗ್ದಿದ್ರೆ ಮಾಡಿಸ್ಕೊಂಡ್ಬಿಡ್ಲಾ ಗಂಗಾಧರಪ್ಪ? ನೀವೇನಂತೀರಿ?"

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾನು ಟೈಲರ್ರು ಸಾರ್," ಎಂದರು. "ಅದನ್ನ ಡಾಕ್ಟ್ರನ್ನ ಕೇಳಿ."

ಎಷ್ಟು ಚಿಕ್ಕ ಮಾತು. ಅದನ್ನು ಹೇಳುವುದಕ್ಕೆ ಅವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ, ಮರ್ಯಾದೆಯೂ ಹೋಗಲಿಲ್ಲ. ಆಮೇಲೆ ಅವರ ಕಣ್ಣು ನನ್ನ ಅಂಗಿಯ ಮೇಲೆ ನಿಂತಿತು. ಮೇಲಿನಿಂದ ಮೂರನೆಯದು ಸಡಿಲಾಗಿದೆ ಎಂದರು. ಬಗ್ಗಿ ನೋಡಿಕೊಂಡೆ, ಆಸ್ಪತ್ರೆಯಲ್ಲಿ ಗಡಿಬಿಡಿಯಲ್ಲಿ ಎಳೆದದ್ದಕ್ಕೋ ಏನೋ, ನಿಜವಾಗಿಯೂ ದಾರ ಬಿಟ್ಟಿತ್ತು. "ಜಯಾ, ಸಾರ್‌ಗೆ ಅದೊಂದು ಗುಂಡಿ ಹಾಕ್ಕೊಡು. ಬೂದು ದಾರ ತಗೋ. ಕತ್ತು ಬಿಟ್ಟು ನಾಲ್ಕು ಸುತ್ತು ಸುತ್ತು." ಬೇಡ, ಮನೆಯಲ್ಲಿ ಹಾಕಿಸಿಕೊಳ್ಳುತ್ತೇನೆ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಜಯಮ್ಮ ಸೂಜಿಗೆ ದಾರ ಪೋಣಿಸಿಕೊಂಡು, ಮೈಮೇಲೆ ಇರುವಾಗಲೇ ಹೊಲಿಯುತ್ತೇನೆ, ಅಲುಗಾಡಬೇಡಿ ಎಂದರು.

ನಾನು ನಡುಮನೆಯ ಮಧ್ಯೆ, ಹೊಸ ಅಂಗಿಗೆ ಅಳತೆ ಕೊಡುವವನ ಹಾಗೆ ನಿಂತುಕೊಂಡೆ. ಗಂಗಾಧರಪ್ಪ ಕುರ್ಚಿಯಿಂದ ಮೈ ಪೂರ್ತಿ ಈ ಕಡೆ ತಿರುಗಿಸಿ ಸೂಜಿಯನ್ನೇ ನೋಡುತ್ತಿದ್ದರು.

"ನಾನು ಟೈಪಿಸ್ಟಾಗಿದ್ದೆ ಗಂಗಾಧರಪ್ಪ," ಎಂದೆ. ಹತ್ತು ವರ್ಷ ತಡವಾಗಿ.

"ನಮಗೆ ಗೊತ್ತಿತ್ತು ಸಾರ್," ಎಂದರು ಅವರು, ಸೂಜಿಯಿಂದ ಕಣ್ಣು ತೆಗೆಯದೆ. "ನಿಮಗೇ ಮರೆತುಹೋಗಿತ್ತು."

ಜಯಮ್ಮ ನಾಲ್ಕು ಸುತ್ತು ಸುತ್ತಿ, ಗಂಟು ಹಾಕಿ, ದಾರ ಕತ್ತರಿಸುವವರೆಗೂ ನಾನು ಅಲುಗಾಡದೆ ನಿಂತಿದ್ದೆ.